ಅಬ್ಜೆಕ್ಷನ್ ಸಾಹೇಬರು ಸೋತ ಕೇಸು

ಶವಪೆಟ್ಟಿಗೆ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡಿತ್ತು. ಅರ್ಧ ಒಳಗೆ, ಅರ್ಧ ಮೆಟ್ಟಿಲ ಮೇಲೆ. ಹೊತ್ತು ತಂದ ನಾಲ್ವರು ಬೆವರು ಒರೆಸಿಕೊಳ್ಳಲೂ ಕೈ ಬಿಡುವಂತಿಲ್ಲದೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

“ಸ್ವಲ್ಪ ಎಡಕ್ಕೆ ಓರೆ ಮಾಡ್ರಪ್ಪಾ,” ಎಂದರು ಒಳಗೆ ನಿಂತಿದ್ದ ಮುದಿ ವಕೀಲರು.

“ಎಡಕ್ಕೆ ಗೋಡೆ ಇದೆ ಸಾರ್.”

“ಹಾಗಾದ್ರೆ ಬಲಕ್ಕೆ.”

“ಬಲಕ್ಕೆ ನೀವಿದೀರಿ ಸಾರ್.”

ಮುದಿ ವಕೀಲರು ಹಿಂದೆ ಸರಿದು, ಸೋಫಾದ ಮೇಲೆ ಕೂತಿದ್ದ ಟೀಚರಮ್ಮನ ಕಡೆ ತಿರುಗಿದರು. “ನೋಡಿದ್ರಾ? ಪೆಟ್ಟಿಗೆ ಒಳಗೆ ಬರೋಕೂ ಅಬ್ಜೆಕ್ಷನ್ ಹಾಕ್ತಿದಾರೆ ನಿಮ್ಮ ಯಜಮಾನ್ರು.”

ಟೀಚರಮ್ಮನಿಗೆ ನಗು ಬಂದುಬಿಟ್ಟಿತು. ನಿನ್ನೆ ಬೆಳಿಗ್ಗೆಯಿಂದ ಅತ್ತೂ ಅತ್ತೂ ಗಂಟಲು ಕಟ್ಟಿಕೊಂಡಿದ್ದರಿಂದ ಆ ನಗು ಕೆಮ್ಮಿನ ಹಾಗೆ ಹೊರಬಿತ್ತು. ಪಕ್ಕದ ಮನೆಯಾಕೆ ಗಾಬರಿಯಾಗಿ ನೀರು ತರಲು ಎದ್ದಳು.

ಒಳಕೋಣೆಯ ಮಂಚದ ಮೇಲೆ ಮಲಗಿದ್ದ ಅವರ ಗಂಡನನ್ನು ಊರೆಲ್ಲ ಕರೆಯುತ್ತಿದ್ದುದೇ ಅಬ್ಜೆಕ್ಷನ್ ಸಾಹೇಬರೆಂದು. ಊರಿನ ಕೋರ್ಟಿನಲ್ಲಿ ಸರಕಾರಿ ವಕೀಲರಾಗಿ ಆಯುಷ್ಯ ಸವೆಸಿದವರು. ಮನೆಯಲ್ಲೂ ಅದೇ ಚಾಳಿ. ಚಹಾಕ್ಕೆ ಎರಡನೇ ಚಮಚ ಸಕ್ಕರೆ ಹಾಕಿದರೆ ಆಕ್ಷೇಪಣೆ, ಕಿಟಕಿಗೆ ಹಸಿರು ಪರದೆ ಕಟ್ಟಿದರೆ ಆಕ್ಷೇಪಣೆ, ಮಗಳು ಬ್ಯಾಂಕಿನ ಹುಡುಗನನ್ನು ಮದುವೆಯಾಗುತ್ತೇನೆಂದಾಗ “ಆಧಾರ ಏನು?” ಎಂದು ಕೇಳಿದ್ದರು. ಪ್ರಾಣ ಹೋಗುವಾಗ ಪೇಪರ್ ಓದುತ್ತಿದ್ದರು. “ಇದು ಒಪ್ಪೋಕಾಗಲ್ಲ ಕಣೇ,” ಎಂದದ್ದು ಅಡುಗೆಮನೆಯಲ್ಲಿದ್ದ ಟೀಚರಮ್ಮನಿಗೆ ಕೇಳಿಸಿತ್ತು. ಯಾವುದಪ್ಪಾ ಎಂದು ಕೈ ಒರೆಸಿಕೊಂಡು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ಪುಟದಲ್ಲಿ ಒಪ್ಪಲಾಗದ್ದು ಹತ್ತಾರಿದ್ದವು. ಯಾವುದೆಂದು ಕೊನೆಗೂ ತಿಳಿಯಲಿಲ್ಲ.

“ಬಾಗಿಲನ್ನೇ ತೆಗೆದುಬಿಡಿ,” ಎಂದರು ಟೀಚರಮ್ಮ, ನೀರು ಕುಡಿದು.

ತೆಗೆಯುವವರು ಯಾರು ಎಂದು ಎಲ್ಲರೂ ನೋಡುತ್ತಿರುವಾಗ ಗೇಟಿನ ಹತ್ತಿರ ನಿಂತಿದ್ದ ಒಬ್ಬ ದಪ್ಪ ಮೀಸೆಯ ಬಡಗಿ ಮುಂದೆ ಬಂದ. ಹೆಗಲ ಚೀಲದಿಂದ ಸ್ಕ್ರೂಡ್ರೈವರ್ ತೆಗೆದು, ಪೆಟ್ಟಿಗೆಯ ಕೆಳಗೆ ನುಸುಳಿ, ಬಾಗಿಲು ಕಳಚಿ ಗೋಡೆಗೆ ಒರಗಿಸಿದ. ಪೆಟ್ಟಿಗೆ ಒಳಗೆ ಬಂತು. ಬಡಗಿ ಟೀಚರಮ್ಮನ ಮುಂದೆ ಬಂದು ನಿಂತವನು ಸ್ಕ್ರೂಗಳನ್ನು ಅವರ ಅಂಗೈಯಲ್ಲಿ ಸುರಿದು ಹಿತ್ತಲಿನ ಕಡೆ ಹೋಗಿಬಿಟ್ಟ.

ಮಗಳು ತಾಯಿಯ ಕಿವಿಯ ಹತ್ತಿರ ಬಗ್ಗಿದಳು. “ಅಮ್ಮಾ, ಈ ಬಡಗಿ ಬಂದುಬಿಟ್ಟ. ದಾರದಂಗಡಿ ಅಕ್ಕ ಬರ್ತಾ ಇದೀನಿ ಅಂತ ಆಗ್ಲೇ ಫೋನ್ ಮಾಡಿದಾರೆ. ಈಗೇನ್ ಗತಿ?”

ಟೀಚರಮ್ಮ ಅಂಗೈಯ ಸ್ಕ್ರೂಗಳನ್ನೇ ನೋಡಿದರು. ಆ ಬಡಗಿ ಮೂವತ್ತು ವರ್ಷದ ಹಿಂದೆ, ಮರದ ಮಿಲ್ಲಿನಲ್ಲಿ ಕೂಲಿಯಾಗಿದ್ದಾಗ, ಕುಡಿದ ಜಗಳದಲ್ಲಿ ಜೊತೆಯವನ ತಲೆಗೆ ಕಬ್ಬಿಣದ ಸಲಾಕೆಯಿಂದ ಹೊಡೆದು ಕೊಂದಿದ್ದ. ಸತ್ತವನು ದಾರದಂಗಡಿ ಅಕ್ಕನ ಒಬ್ಬನೇ ತಮ್ಮ. ಜೀವಾವಧಿ ಶಿಕ್ಷೆ ಕೊಡಿಸಿದವರು ಅಬ್ಜೆಕ್ಷನ್ ಸಾಹೇಬರು. ಸನ್ನಡತೆಯ ಮೇಲೆ ಬಿಡುಗಡೆಯಾಗಿ ಬಂದ ಮೇಲೆ ಅವನು ಆಗಾಗ ಈ ಮನೆಗೆ ಬರುತ್ತಿದ್ದ. ಅಕ್ಕ ಮೊದಲಿನಿಂದಲೂ ಬರುತ್ತಿದ್ದಳು. ಒಂದೇ ಹಳಿಯ ಮೇಲೆ ಎರಡು ರೈಲು ಓಡಿಸುವ ಹಾಗೆ ಸಾಹೇಬರು ಇಬ್ಬರನ್ನೂ ಸಂಭಾಳಿಸುತ್ತಿದ್ದರು. ಅಕ್ಕ ಬೆಳಿಗ್ಗೆ, ಬಡಗಿ ಸಂಜೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಡಿಕ್ಕಿಯಾಗಿರಲಿಲ್ಲ.

ಇವತ್ತು ಸಿಗ್ನಲ್ಲು ತೋರಿಸುವವರೇ ಇಲ್ಲ.

“ಏನಾದ್ರೂ ಮಾಡೋಣ ಬಿಡು,” ಎಂದರು ಟೀಚರಮ್ಮ. ಏನು ಮಾಡುವುದೆಂದು ಅವರಿಗೂ ಹೊಳೆದಿರಲಿಲ್ಲ.

*

ಪಡಸಾಲೆಯಲ್ಲಿ ಚಹಾ ಸರಬರಾಜಾಯಿತು. ಮುದಿ ವಕೀಲರ ಪಕ್ಕ ಅಳಿಯ ಬಂದು ಕೂತ. ಈ ವಕೀಲರು ಜೀವಮಾನವೆಲ್ಲ ಸಾಹೇಬರ ಎದುರು ಆರೋಪಿಗಳ ಪರ ವಾದಿಸಿದವರು. ಮನೆಯವರು ಅವರನ್ನು ಕರೆಯುವುದೇ ‘ಎದುರುಪಕ್ಷ’ ಎಂದು. ಕೋರ್ಟಿನಲ್ಲಿ ಹಾವು ಮುಂಗುಸಿ, ಹೊರಗೆ ಬಂದರೆ ಒಂದೇ ಬೆಂಚಿನ ಮೇಲೆ ಚಹಾ.

“ಒಂದು ಕೇಳ್ಲಾ ಸಾರ್?” ಎಂದ ಅಳಿಯ ಮೆಲ್ಲಗೆ. “ಕೊಲೆ ಮಾಡಿದೋರಿಗೆ ಪೆರೋಲ್ ಕೊಡೋಕೆ ಕಾನೂನಲ್ಲಿ ಅವಕಾಶ ಇದೆಯಾ? ಮಾವ ಇಲ್ಲ ಅಂತ ವಾದಿಸಿ ಸೋತ್ರು ಅಂತ ಇವಳು ಹೇಳ್ತಿದ್ಲು.”

ಎದುರುಪಕ್ಷದವರಿಗೆ ಅಷ್ಟೇ ಬೇಕಾಗಿತ್ತು. ಲೋಟ ಕೆಳಗಿಟ್ಟರು. “ನೋಡಿ, ಪೆರೋಲ್ ಅಂದ್ರೆ ಬಿಡುಗಡೆ ಅಲ್ಲ. ಹೋಗಿ ಬರ್ತೀನಿ ಅಂತ ಹೇಳಿ ಹೋಗೋದು. ಜೈಲಿನ ನಿಯಮದಲ್ಲಿ ಏನಿತ್ತು? ‘ಘೋರ ಅಪರಾಧಗಳಲ್ಲಿ ಶಿಕ್ಷೆಯಾದವರನ್ನು ಸಾಮಾನ್ಯವಾಗಿ ಪೆರೋಲ್ ಮೇಲೆ ಬಿಡತಕ್ಕದ್ದಲ್ಲ.’ ಜೈಲಿನೋರು ಇದನ್ನೇ ತೋರಿಸಿ ಈ ಬಡಗಿಯ ಅರ್ಜಿ ತಳ್ಳಿಹಾಕಿದ್ರು. ನಾನು ಹಿಡ್ಕೊಂಡಿದ್ದು ಒಂದೇ ಪದ. ಸಾಮಾನ್ಯವಾಗಿ! ಅಂದ್ರೆ ಅಸಾಮಾನ್ಯ ಅಂತ ಒಂದು ಇರಲೇಬೇಕಲ್ಲ?”

ಇಷ್ಟು ಹೇಳಿ ಅವರು ತಡೆದರು. ಬಲಗಡೆಗೆ ತಿರುಗಿದರು. ಬಲಗಡೆ ಯಾರೂ ಇರಲಿಲ್ಲ. ಗೋಡೆ, ಕ್ಯಾಲೆಂಡರು, ಅದರಾಚೆ ಒಳಕೋಣೆಯ ಬಾಗಿಲು. ಇಷ್ಟು ವರ್ಷ ಪ್ರತಿ ವಾಕ್ಯದ ಕೊನೆಗೆ ಅಡ್ಡ ಬರುತ್ತಿದ್ದ ದನಿ ಬರಲಿಲ್ಲ. ಮುದುಕರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು.

“ಅಬ್ಜೆಕ್ಷನ್,” ಎಂದರು ಟೀಚರಮ್ಮ ಸೋಫಾದಿಂದ.

ಎದುರುಪಕ್ಷದವರು ತಲೆಯೆತ್ತಿ ನೋಡಿದರು. ಆಮೇಲೆ ಕನ್ನಡಕ ಮತ್ತೆ ಏರಿಸಿ, ಗಂಟಲು ಸರಿಮಾಡಿಕೊಂಡು, “ಥ್ಯಾಂಕ್ಸ್ ಟೀಚರಮ್ಮ,” ಎಂದು ಮುಂದುವರಿಸಿದರು.

*

ಆ ಪೆರೋಲ್ ಅರ್ಜಿಯ ವಾದ ನಡೆದ ದಿನ ಶಾಲೆಗೆ ರಜೆ. ಟೀಚರಮ್ಮ ಕೋರ್ಟಿನ ಹಿಂದಿನ ಸಾಲಿನಲ್ಲಿ ಕೂತು ಗಂಡನ ವಾದ ಕೇಳಿದ್ದರು.

ಆಗ ಕೈದಿಯಾಗಿದ್ದ ಬಡಗಿಯ ತಾಯಿಗೆ ಎರಡೂ ಕಣ್ಣು ಮಂಜಾಗಿ ಆಪರೇಷನ್ ನಿಗದಿಯಾಗಿತ್ತು. ಮನೆಯಲ್ಲಿ ಬೇರೆ ಗತಿಯಿಲ್ಲ. ಎರಡು ವಾರ ಪೆರೋಲ್ ಕೊಡಿ, ಕಟ್ಟು ಬಿಚ್ಚುವಾಗ ಎದುರಿಗಿರುತ್ತೇನೆ ಎಂದು ಅವನು ಕೇಳಿದ್ದ.

ಅಬ್ಜೆಕ್ಷನ್ ಸಾಹೇಬರು ಎದ್ದು ನಿಂತರೆ ಕಪ್ಪು ಕೋಟಿನಲ್ಲಿ ಗೋಡೆ ಗಡಿಯಾರದ ಹಾಗೆ ಕಾಣುತ್ತಿದ್ದರು. ನಿಯಮ ಸ್ಪಷ್ಟವಾಗಿದೆ ಎಂದರು. ಕೊಲೆ ಮಾಡಿದವನಿಗೂ ಸೈಕಲ್ ಕದ್ದವನಿಗೂ ಒಂದೇ ಬಾಗಿಲು ತೆರೆದರೆ ಶಿಕ್ಷೆಗೆ ಅರ್ಥವೇನು ಎಂದರು. ಆಮೇಲೆ, ಸತ್ತವನ ಅಕ್ಕ ಒಂದು ಮಾತು ಹೇಳಬೇಕಂತೆ, ಕೇಳಬೇಕು ಎಂದು ಬಿನ್ನವಿಸಿಕೊಂಡರು.

ದಾರದಂಗಡಿ ಅಕ್ಕ ಎದ್ದಳು. ಬಣ್ಣಬಣ್ಣದ ದಾರ, ಗುಂಡಿ, ಜಿಪ್ಪು ಮಾರುವ ಪುಟ್ಟ ಅಂಗಡಿಯಲ್ಲಿ ತಮ್ಮನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು. “ನನ್ನ ತಮ್ಮನಿಗೂ ಎರಡು ವಾರ ರಜ ಕೊಡಿಸ್ತೀರಾ ಸ್ವಾಮಿ?” ಎಂದಳು. “ಅವನೂ ಬಂದು ನನ್ನ ಮುಖ ನೋಡ್ಕೊಂಡು ಹೋಗ್ಲಿ. ಹಾಗಾದ್ರೆ ಇವನಿಗೂ ಕೊಡಿ, ನಂದೇನೂ ತಕರಾರಿಲ್ಲ.”

ನ್ಯಾಯಾಧೀಶರು ಅವಳ ಮಾತನ್ನು ಬರೆದುಕೊಂಡರು.

ತೀರ್ಪು ಮರುದಿನ ಬಂತು. ಅಪರಾಧ ಎಷ್ಟು ದೊಡ್ಡದೆಂದು ಶಿಕ್ಷೆ ವಿಧಿಸುವಾಗಲೇ ತೂಗಿಯಾಗಿದೆ ಎಂದರು ನ್ಯಾಯಾಧೀಶರು. ಪೆರೋಲಿನಿಂದ ಶಿಕ್ಷೆ ಕಡಿಮೆಯಾಗುವುದಿಲ್ಲ. ಹೊರಗೆ ಕಳೆದ ದಿನಗಳನ್ನು ಒಳಗೆ ಕಳೆದು ತೀರಿಸಬೇಕು. ಪೆರೋಲ್ ಕೊಡಲೇಬೇಕೆಂದು ಕೇಳುವ ಹಕ್ಕು ಕೈದಿಗಿಲ್ಲ. ಆದರೆ ಅವನ ನಡತೆ, ಅವನ ಅಗತ್ಯ, ಬೇರೆಯವರಿಗಿರುವ ಅಪಾಯ ಯಾವುದನ್ನೂ ನೋಡದೆ, ಅಪರಾಧದ ಹೆಸರೊಂದನ್ನೇ ನೋಡಿ ಬಾಗಿಲು ಹಾಕುವ ಹಕ್ಕು ಅಧಿಕಾರಿಗಳಿಗೂ ಇಲ್ಲ. ನೊಂದವರ ಮಾತನ್ನೂ ಕೇಳಿಯೇ ತೀರ್ಮಾನಿಸಬೇಕು, ಕೇಳಿದ್ದೇವೆ. ದಾರದಂಗಡಿಯ ಬೀದಿಗೆ ಕಾಲಿಡಕೂಡದು ಎಂಬ ಷರತ್ತಿನ ಮೇಲೆ ಎರಡು ವಾರ ಬಿಡತಕ್ಕದ್ದು.

ಎದುರುಪಕ್ಷದವರು ಹೊರಗೆ ಬಂದು ಚಹಾ ಕೊಡಿಸಲು ಕರೆದರೆ ಸಾಹೇಬರು ಮಾತಾಡದೆ ಸ್ಕೂಟರ್ ಹತ್ತಿ ಹೋಗಿಬಿಟ್ಟಿದ್ದರು.

ಕೋರ್ಟಿಗೆ ರಜೆ ಶುರುವಾಯಿತು. ಸಾಹೇಬರು ಮಾತ್ರ ದಿನಾ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿ, ಕೊಡೆ ಹಿಡಿದು ಹೊರಡತೊಡಗಿದರು. ಎಲ್ಲಿಗೆ ಎಂದರೆ “ಕೆಲಸ ಇದೆ.” ಎಂತಹ ಕೆಲಸ ಎಂದರೆ “ಕೆಲಸದಂಥ ಕೆಲಸ.” ಟೀಚರಮ್ಮನಿಗೆ ತಲೆ ಕೆಟ್ಟಿತು. ಈ ವಯಸ್ಸಿನಲ್ಲಿ ಈ ಮನುಷ್ಯನಿಗೆ ಬೇರೆ ಸಂಸಾರವೇನಾದರೂ ಹುಟ್ಟಿಕೊಂಡಿತೇ ಎಂದು ಒಂದು ದಿನ ಹಿಂಬಾಲಿಸಿದರು. ರೈಲು ಗೇಟು ದಾಟಿ, ತಗಡಿನ ಮನೆಗಳ ಸಾಲಿನ ಎದುರಿಗಿದ್ದ ಚಹಾದಂಗಡಿಯಲ್ಲಿ, ಮೋಡವಿಲ್ಲದ ಆಕಾಶದ ಕೆಳಗೆ ಕೊಡೆ ಬಿಚ್ಚಿ ಮುಖ ಮರೆಮಾಡಿಕೊಂಡು ಕೂತಿದ್ದರು ಅವರ ಯಜಮಾನರು.

“ಏನ್ರೀ ಇದು?”

ಸಾಹೇಬರು ಬೆಚ್ಚಿಬಿದ್ದು ಚಹಾ ಚೆಲ್ಲಿಕೊಂಡರು. “ಶ್! ಕೂತ್ಕೋ. ಆ ಮನೆ ನೋಡು. ಅವನು ಓಡಿಹೋಗ್ತಾನೆ. ಓಡೋದನ್ನ ನಾನೇ ನೋಡ್ಬೇಕು.”

“ಪೊಲೀಸ್ನೋರು ನೋಡ್ಕೊಳಲ್ವಾ?”

“ಅವರು ದಿನಕ್ಕೊಂದ್ಸಲ ಬಂದು ಸಹಿ ಹಾಕಿಸ್ಕೊಂಡು ಹೋಗ್ತಾರೆ. ನಾನು ಆ ಅಕ್ಕನಿಗೆ ಮಾತು ಕೊಟ್ಟಿದೀನಿ ಕಣೇ. ಕೇಸ್ ಸೋತೆ, ಸರಿ. ಕಣ್ಣಾದ್ರೂ ಇಟ್ಟಿರ್ತೀನಿ ಅಂದಿದೀನಿ.”

ಟೀಚರಮ್ಮ ಕೂತರು. ಬೇಸಿಗೆ ರಜೆ ತಮಗೂ ಇತ್ತು. ಎದುರಿನ ಮನೆಯಲ್ಲಿ ಕೊಲೆಗಾರ ಬಟ್ಟೆ ಒಗೆದು ಹರವಿದ, ತಾಯಿಯನ್ನು ಕೈಹಿಡಿದು ಬಿಸಿಲಿಗೆ ತಂದು ಕೂರಿಸಿದ, ತಲೆ ಬಾಚಿದ. ಓಡುವ ಲಕ್ಷಣ ಕಾಣಲಿಲ್ಲ. ಮೂರನೆಯ ದಿನ ಅವನೇ ರಸ್ತೆ ದಾಟಿ ಬಂದು, “ಸಾಹೇಬ್ರೇ, ಆ ಬೆಂಚಿನ ಕಾಲು ಮುರಿದಿದೆ, ಬಿದ್ದೀರಾ,” ಎಂದು ಮನೆಯಿಂದ ಎರಡು ಕುರ್ಚಿ ತಂದಿಟ್ಟು ಹೋದ. ಕೊಡೆಯ ಮರೆಯಲ್ಲಿ ಸಾಹೇಬರ ಮುಖ ಕೆಂಪಗಾಗಿತ್ತು.

ಕಟ್ಟು ಬಿಚ್ಚುವ ದಿನ ಆಸ್ಪತ್ರೆಯಲ್ಲೂ ಹಾಗೇ. ಕೈದಿ ಒಳಗೇ ಇದ್ದಾನೆಂದು ಖಾತರಿ ಮಾಡಿಕೊಳ್ಳಲು ಸಾಹೇಬರು ಬಾಗಿಲಲ್ಲಿ ಇಣುಕಿದರು, ಸರಿಯಾಗಿ ಕಾಣಲಿಲ್ಲವೆಂದು ಇನ್ನೊಂದು ಹೆಜ್ಜೆ, ಮತ್ತೊಂದು. ಡಾಕ್ಟರು ಪಟ್ಟಿ ತೆಗೆದರು. ಮುದುಕಿ ಕಣ್ಣು ಪಿಳಿಪಿಳಿ ಬಿಟ್ಟು, ನೇರ ಎದುರಿಗೆ ನಿಂತಿದ್ದ ಸಾಹೇಬರ ಬೋಳುತಲೆಯನ್ನು ದಿಟ್ಟಿಸಿ, “ಅಯ್ಯೋ ನನ್ನ ಕಂದಾ!” ಎಂದು ಕೂಗಿಬಿಟ್ಟಳು. “ಜೈಲಲ್ಲಿ ಇಷ್ಟು ವಯಸ್ಸಾಗೋಯ್ತೇನೋ ನಿನಗೆ!”

ನಕ್ಕವರಲ್ಲಿ ಡಾಕ್ಟರು ಮೊದಲು. ಕೈದಿ ನಗುತ್ತಲೇ ತಾಯಿಯ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡ. ಅವಳು ಅವನ ಮೂಗು, ಹುಬ್ಬು, ಗಲ್ಲ ಒಂದೊಂದನ್ನೇ ಮುಟ್ಟಿ ನೋಡುವಾಗ ಸಾಹೇಬರು ಹೊರಗೆ ಹೋಗಿ ಗೋಡೆಯ ಮೇಲಿದ್ದ ಬೆಂಕಿ ಆರಿಸುವ ಸೂಚನೆಗಳನ್ನು ಎರಡೆರಡು ಸಲ ಓದಿದರು.

*

“ಟೀಚರಮ್ಮ, ನಾನು ಹೊರಡ್ತೀನಿ,” ಎಂದ ಬಡಗಿ. ಹಿತ್ತಲ ಬಾಗಿಲಲ್ಲಿ ಚೀಲ ಹೆಗಲಿಗೇರಿಸಿ ನಿಂತಿದ್ದ. “ಆ ಅಕ್ಕ ಬರೋ ಹೊತ್ತಾಯ್ತು. ಸಾಹೇಬ್ರ ಮುಖ ನೋಡಿದೆ, ಸಾಕು.”

ಟೀಚರಮ್ಮ ಇವನನ್ನು ಹಾಗೇ ಕಳಿಸಿಬಿಡಬಹುದಿತ್ತು. ಎಲ್ಲರಿಗೂ ನೆಮ್ಮದಿ. ಬಾಯಿ ತೆರೆಯುವಷ್ಟರಲ್ಲಿ ಮುಂಬಾಗಿಲಿಂದ, ಅಂದರೆ ಬಾಗಿಲಿಲ್ಲದ ಬಾಗಿಲಿಂದ, ದಾರದಂಗಡಿ ಅಕ್ಕನ ದನಿ ಕೇಳಿತು.

“ಏನಿದು, ಮನೆಗೆ ಬಾಗಿಲೇ ಇಲ್ಲ! ಕಳ್ಳರು ಬಂದಿದ್ರಾ?”

“ಇಲ್ಲೇ ಇರು,” ಎಂದು ಬಡಗಿಗೆ ಹೇಳಿ ಟೀಚರಮ್ಮ ಹೊರಗೆ ಬಂದರು.

ಎಪ್ಪತ್ತು ದಾಟಿದ ಅಕ್ಕ, ಕಂಕುಳಲ್ಲಿ ದೊಡ್ಡ ಚೀಲ ಒತ್ತಿಕೊಂಡು ಪೆಟ್ಟಿಗೆಯ ಹತ್ತಿರ ನಿಂತಿದ್ದಳು. ಸಾಹೇಬರನ್ನು ಆಗಲೇ ಅದರಲ್ಲಿ ಮಲಗಿಸಿದ್ದರು. ಅವಳು ಬಗ್ಗಿ ನೋಡಿ, “ಕೋಟಿನ ಮೂರನೇ ಗುಂಡಿ ಸಡಿಲ ಇದೆ,” ಎಂದಳು. ಚೀಲದಿಂದ ಸೂಜಿದಾರ ತೆಗೆದು, ಅಲ್ಲೇ ಮಂಡಿಯೂರಿ, ಗುಂಡಿ ಬಿಗಿ ಮಾಡಿ, ದಾರವನ್ನು ಹಲ್ಲಿನಿಂದ ಕಡಿದಳು. ಆಮೇಲೆ ಮೇಲೇಳದೆ ಕೂತಲ್ಲೇ ಸ್ವಲ್ಪ ಹೊತ್ತು ಅತ್ತಳು.

ಟೀಚರಮ್ಮ ಕೈಹಿಡಿದು ಎಬ್ಬಿಸಿ ಒಳಕೋಣೆಗೆ ಕರೆದುಕೊಂಡು ಹೋದರು. “ಅಕ್ಕಾ, ನಿಮಗೆ ಸುಳ್ಳು ಹೇಳಲ್ಲ. ಅವನು ಬಂದಿದಾನೆ. ಹಿತ್ತಲಲ್ಲಿದಾನೆ. ನೀವು ಹೂಂ ಅಂದ್ರೆ ಇರ್ತಾನೆ. ಉಹೂಂ ಅಂದ್ರೆ ಕಳಿಸ್ತೀನಿ. ನಿಮ್ಮನ್ನ ಕೇಳದೆ ಏನೂ ಮಾಡಲ್ಲ.”

ಅಕ್ಕ ಮಂಚದ ತುದಿಯಲ್ಲಿ ಕೂತಳು.

“ಅವತ್ತು ಅವನು ಜೈಲಿಗೆ ವಾಪಸ್ ಹೋದ ದಿನ, ನಿಮ್ಮ ಯಜಮಾನ್ರು ನನ್ನಂಗಡಿಗೆ ಬಂದಿದ್ರು. ಗೊತ್ತಾ?”

*

ಗೊತ್ತಿತ್ತು. ಅರ್ಧ ಮಾತ್ರ.

ಪೆರೋಲಿನ ಕೊನೆಯ ದಿನ. ಸೂರ್ಯ ಮುಳುಗುವ ಮೊದಲು ಜೈಲಿನ ಬಾಗಿಲಲ್ಲಿರಬೇಕು. ಬಸ್ಸು ರೈಲು ಗೇಟಿನ ಹತ್ತಿರ ಕೆಟ್ಟು ನಿಂತಿತು. ಕೈದಿ ಬಸ್ಸಿನಿಂದ ಇಳಿದು ಬೇರೆ ಗಾಡಿಗಳಿಗೆ ಕೈ ಅಡ್ಡ ಹಾಕುತ್ತಿದ್ದ, ಯಾರೂ ನಿಲ್ಲಿಸಲಿಲ್ಲ. ಹಿಂದಿನಿಂದ ಸ್ಕೂಟರಿನಲ್ಲಿ ಬರುತ್ತಿದ್ದ ಸಾಹೇಬರು, ಅವರ ಹಿಂದೆ ಕೂತಿದ್ದ ಟೀಚರಮ್ಮ, ಇಬ್ಬರೂ ದೂರದಲ್ಲಿ ನಿಂತು ನೋಡುತ್ತಿದ್ದರು. ತಡವಾದರೆ ತಪ್ಪಿಸಿಕೊಂಡವನೆಂದು ದಾಖಲಾಗುತ್ತಿತ್ತು. ನಾನು ಹೇಳಿರಲಿಲ್ಲವೇ ಎಂದು ಸಾಹೇಬರು ಎದೆಯುಬ್ಬಿಸಿ ಹೇಳಬಹುದಿತ್ತು.

“ಇಳಿ,” ಎಂದರು ಸಾಹೇಬರು ಹೆಂಡತಿಗೆ.

“ಯಾಕ್ರೀ?”

“ಇಳಿಯೇ, ಹೊತ್ತಾಗ್ತಿದೆ!”

ಟೀಚರಮ್ಮನನ್ನು ರಸ್ತೆಯ ಮೇಲೆ ಬಿಟ್ಟು, ಕೊಲೆಗಾರನನ್ನು ಹಿಂದೆ ಕೂರಿಸಿಕೊಂಡು ಸ್ಕೂಟರ್ ಹೊಗೆಯೆಬ್ಬಿಸಿ ಹೋಯಿತು. ಆ ಸಂಜೆ ಅವರು ನಡೆದು ಮನೆ ಸೇರಿ ಎರಡು ದಿನ ಗಂಡನೊಡನೆ ಮಾತು ಬಿಟ್ಟಿದ್ದರು. ಮೂರನೆಯ ದಿನ ತಡೆಯಲಾರದೆ ಕೇಳಿದ್ದರು: “ಸುಮ್ಮನೆ ನಿಂತಿದ್ರೆ ಗೆಲ್ತಿದ್ರಲ್ಲ?”

“ಬಸ್ ಕೆಟ್ಟು ಗೆದ್ರೆ ಅದು ಬಸ್ಸಿನ ಗೆಲುವು ಕಣೇ,” ಎಂದಿದ್ದರು ಸಾಹೇಬರು. “ನಂದಲ್ಲ.”

*

“ಜೈಲಿಂದ ಸೀದಾ ನನ್ನ ಹತ್ರ ಬಂದ್ರು,” ಎಂದಳು ಅಕ್ಕ. “ಮುಖದ ತುಂಬಾ ಧೂಳು. ‘ಅಮ್ಮಾ, ನಾನೇ ಸ್ಕೂಟರಲ್ಲಿ ಕೂರಿಸ್ಕೊಂಡು ಹೋಗಿ ಬಿಟ್ಟುಬಂದೆ’ ಅಂದ್ರು. ನನಗೆ ಮೈ ಉರಿದುಹೋಯ್ತು. ಕೈಗೆ ಸಿಕ್ಕಿದ ದಾರದುಂಡೆ ತಗೊಂಡು ಅವರ ಮೇಲೆ ಬೀಸಿಬಿಟ್ಟೆ. ‘ನೀವು ಯಾರ ಕಡೆ ವಕೀಲ್ರು?’ ಅಂದೆ.”

“ಏನಂದ್ರು?”

“‘ನಿಮ್ಮ ಕಡೆಯೇ. ಅವನು ಒಳಗೆ ಹೋಗಿದ್ದು, ಜೈಲಿನೋರು ಬಾಗಿಲು ಹಾಕಿದ್ದು ಎರಡನ್ನೂ ಕಣ್ಣಾರೆ ನೋಡಿ ಬಂದೆ’ ಅಂದ್ರು. ಆಮೇಲೆ ಕೂತ್ಕೊಂಡು ಆ ದಾರ ಎಲ್ಲ ಮತ್ತೆ ಸುತ್ತಿದ್ರು. ಬರ್ತಾನೇ ಇರ್ಲಿಲ್ಲ ಅವರಿಗೆ. ಗಂಟೋ ಗಂಟು.” ಅಕ್ಕ ಮೂಗು ಒರೆಸಿಕೊಂಡು ನಕ್ಕಳು. “ನನ್ನ ತಮ್ಮ ಸತ್ಮೇಲೆ ನಾನು ಮೊದಲ ಸಲ ನಕ್ಕಿದ್ದು ಅವತ್ತು.”

ಪಡಸಾಲೆಯಿಂದ ಅಳಿಯ ಗಾಡಿ ಬಂತೆಂದು ಕೂಗಿದ.

“ನಾನು ಅವನನ್ನ ಕ್ಷಮಿಸಿಲ್ಲ ಟೀಚರಮ್ಮ. ಯಾರು ಹೇಳಿದ್ರೂ ಕ್ಷಮಿಸಲ್ಲ.” ಅಕ್ಕ ಎದ್ದು ಚೀಲ ಕಂಕುಳಿಗೆ ಸೇರಿಸಿದಳು. “ಇರ್ಲಿ ಬಿಡಿ. ನನ್ನ ಪಕ್ಕ ಮಾತ್ರ ಬರೋದು ಬೇಡ.”

ಶವವಾಹನ ಅಂದರೆ ಒಂದು ಹಳೆಯ ಬಿಳಿ ವ್ಯಾನು; ಊರಿನ ಧೂಳೆಲ್ಲ ಅದರ ಮೈಮೇಲೆ. ಸ್ಮಶಾನ ಇದೇ ರಸ್ತೆಯ ಏರಿನ ತುದಿಯಲ್ಲಿ. ಎಲ್ಲರೂ ಹಿಂದೆ ನಡೆದು ಹೋಗುವುದೆಂದಾಯಿತು. ಪೆಟ್ಟಿಗೆ ಏರಿಸಿ, ಹಿಂಬಾಗಿಲು ಹಾಕಿದರು. ಅಕ್ಕ ರಸ್ತೆಯ ಒಂದು ಬದಿ, ಬಡಗಿ ಇನ್ನೊಂದು ಬದಿ, ನಡುವೆ ಟೀಚರಮ್ಮ ಮತ್ತು ಮಗಳು. ಡ್ರೈವರು ಕೀಲಿ ತಿರುಗಿಸಿದ. ವ್ಯಾನು ಕುಯ್ಯೋ ಎಂದು ಸುಮ್ಮನಾಯಿತು. ಮತ್ತೆ ತಿರುಗಿಸಿದ. ಅದೂ ಇಲ್ಲ.

“ಸ್ವಲ್ಪ ನೂಕ್ಬೇಕಾಗತ್ತೆ,” ಎಂದ ಡ್ರೈವರು, ತಲೆ ಹೊರಗೆ ಹಾಕಿ.

“ಅಬ್ಜೆಕ್ಷನ್ ಅಂದ್ರೆ ಇದಪ್ಪ!” ಎಂದರು ಎದುರುಪಕ್ಷದವರು. ಯಾರಿಗೂ ನಗು ತಡೆಯಲಾಗಲಿಲ್ಲ.

ಅಳಿಯ ಒಂದು ಪಕ್ಕಕ್ಕೆ ಹೆಗಲು ಕೊಟ್ಟ. ಎದುರುಪಕ್ಷದವರು ಇನ್ನೊಂದು ಪಕ್ಕದಲ್ಲಿ ಒಂದು ಕೈ ಇಟ್ಟು ಬಾಯಿಂದಲೇ ಹೆಚ್ಚು ನೂಕಿದರು. ಬಡಗಿ ಹಿಂದೆ ನಿಂತು ಬಾಗಿಲಿಗೆ ಎರಡೂ ಅಂಗೈ ಊರಿದ. ಏರು. ವ್ಯಾನು ಒಂದು ಮೊಳ ಮುಂದೆ ಹೋಗಿ ಅರ್ಧ ಮೊಳ ಹಿಂದೆ ಬಂತು. ಬಡಗಿಯ ಚಪ್ಪಲಿ ಜಾರತೊಡಗಿತು.

“ಇದನ್ನ ಹಿಡ್ಕೊಳ್ಳಿ,” ಎಂದು ಯಾರೋ ಟೀಚರಮ್ಮನ ಕೈಗೆ ದೊಡ್ಡ ಚೀಲ ತುರುಕಿದರು. ನೋಡಿದರೆ ಅಕ್ಕ. ಸರಸರ ರಸ್ತೆ ದಾಟಿ ವ್ಯಾನಿನ ಹಿಂದೆ ಹೋಗಿ ನಿಂತಳು.

ಬಡಗಿ ಅವಳನ್ನು ಕಂಡು ಗರಬಡಿದವನಂತೆ ಕೈ ತೆಗೆಯಲು ಹೋದ.

“ನೂಕು!” ಎಂದಳು ಅಕ್ಕ, ಅವನ ಕಡೆ ನೋಡದೆ. ಮೂವತ್ತು ವರ್ಷದಲ್ಲಿ ಅವನಿಗೆ ಅವಳು ಆಡಿದ ಮೊದಲ ಮಾತು. “ಏನ್ ನಿಂತ್ಕೊಂಡ್ ನೋಡ್ತಿದೀಯ? ಅವರನ್ನ ಇಲ್ಲೇ ಬಿಡ್ತೀಯಾ?”

ನೂಕಿದರು. ಎಂಜಿನ್ನು ಕೆಮ್ಮಿತು, ಗುಡುಗಿತು, ಹೊಗೆ ಉಗುಳಿ ಹೊರಟಿತು. ಅಕ್ಕ ಅಂಗೈಗಳನ್ನು ತಟ್ಟಿಕೊಂಡು, ಟೀಚರಮ್ಮನಿಂದ ಚೀಲ ಕಸಿದುಕೊಂಡು, ಹಿಂತಿರುಗಿ ನೋಡದೆ ರಸ್ತೆಯ ತನ್ನ ಬದಿಗೆ ನಡೆದಳು. ಬಡಗಿ ತನ್ನ ಬದಿಗೆ ಹೋದ.

ಟೀಚರಮ್ಮ ನಡುವೆ ನಡೆಯುತ್ತ ವ್ಯಾನನ್ನೇ ನೋಡುತ್ತಿದ್ದರು. ಬಿಸಿಲು ನೇರ ಅದರ ಹಿಂಬಾಗಿಲಿಗೆ ಬಡಿಯುತ್ತಿತ್ತು. ದಪ್ಪ ಧೂಳಿನಲ್ಲಿ ಒಂದು ಜೊತೆ ಅಗಲವಾದ ಅಂಗೈಗಳು, ಪಕ್ಕದಲ್ಲೇ ಒಂದು ಜೊತೆ ಪುಟ್ಟ ಅಂಗೈಗಳು, ಬೆರಳು ಬೆರಳೂ ಸ್ಪಷ್ಟವಾಗಿ ಮೂಡಿ, ನಡುವೆ ಒಂದು ಗೇಣು ಜಾಗ ಬಿಟ್ಟುಕೊಂಡು, ಮೆಲ್ಲಗೆ ಏರು ಹತ್ತುತ್ತಿದ್ದವು.